ಪದ ಸಿಕ್ಕಿತು, ಧಾಟಿ ಎಲ್ಲಿ?

ಅಮಾವಾಸ್ಯೆ ರಾತ್ರಿ ಜೇವರ್ಗಿ ಸೀಮೆಯ ಮಠದ ಪಡಸಾಲೆಯಲ್ಲಿ ಭಜನಿ ನಡೆದಿರುವಾಗ ಬೇರೆ ಊರಿನ ಹಾಡುಗಾರ ಬಂದು ಕೂತರೆ ಪೇಟಿ ಮಾಸ್ತರ ಅವನನ್ನು ಕೇಳುವುದು ಎರಡೇ ಮಾತು. ‘ಯಾರ ಪದ?’ ಆಮೇಲೆ, ‘ಯಾವ ಧಾಟಿ?’ ಮೊದಲನೆಯದಕ್ಕೆ ಉತ್ತರ ಥಟ್ಟನೆ ಬರುತ್ತದೆ. ಮಡಿವಾಳಪ್ಪನದೋ, ಜಲಾಲಸಾಬನದೋ, ಶರೀಫನದೋ, ಪದದ ಕೊನೆಯ ಅಂಕಿತವೇ ಹೇಳಿಬಿಡುತ್ತದೆ. ಎರಡನೆಯದಕ್ಕೆ ಹಾಡುಗಾರ ಹೆಸರು ಹೇಳುವುದಿಲ್ಲ. ಕಣ್ಣು ಮುಚ್ಚಿ ಒಂದು ಸೊಲ್ಲು ಗುನುಗುತ್ತಾನೆ. ಮಾಸ್ತರನ ಬೆರಳು ಮನೆ ಹುಡುಕಿ ನಿಲ್ಲುತ್ತದೆ, ದಮ್ಮಡಿಯವನು ತಲೆಯಾಡಿಸುತ್ತಾನೆ, ಹಾಡಿಕೆ ಸುರುವಾಗುತ್ತದೆ.

ಆ ಗುನುಗಿಗೆ ಅಂಕಿತವಿಲ್ಲ. ಅದನ್ನು ಮೊದಲು ಎತ್ತಿದವರು ಯಾರು, ಯಾವ ಊರಿಂದ ಬಂತು, ಈ ಪದಕ್ಕಿಂತ ಮೊದಲು ಯಾವ ಪದವನ್ನು ಹೊತ್ತಿತ್ತು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳ ನೆಲದಲ್ಲಿ ಆ ಧಾಟಿ ನಡೆದು ಬಂದ ದಾರಿಯನ್ನು ಸಿಕ್ಕಷ್ಟು ಹಿಡಿಯುವ ಪ್ರಯತ್ನ ಇದು.

ಮೊದಲು ನೀರಿನ ದಾರಿ ನೋಡಬೇಕು. ಆಳಂದ ಸೀಮೆಯ ಅಮರ್ಜಾ ಹೊಳೆ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಆ ಭೀಮೆ ಪಂಢರಪುರದ ವಿಠ್ಠಲನ ಕಾಲು ತೊಳೆದು ಬಂದವಳು. ಮುಂದೆ ಜೇವರ್ಗಿಯ ಪಕ್ಕದಿಂದ ಹರಿದು ಕೃಷ್ಣೆಗೆ ಸೇರುತ್ತಾಳೆ. ದತ್ತನ ಗಾಣಗಾಪುರಕ್ಕೆ ಮರಾಠಿ ಯಾತ್ರಿಕರು ಬರುತ್ತಾರೆ, ಇಲ್ಲಿಯವರು ಆಷಾಢದಲ್ಲಿ ಪಂಢರಪುರಕ್ಕೆ ಹೋಗುತ್ತಾರೆ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ. ಉರುಸಿಗೆ ಹಿಂದೂ ಮುಸ್ಲಿಮರಿಬ್ಬರೂ ನಡೆಯುತ್ತಾರೆ. ಕಲಬುರಗಿಯಲ್ಲಿ ಬಂದೇನವಾಜರು. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಕಲಬುರಗಿಗೆ ಬಂದು ದಾಸೋಹ ನಡೆಸಿದರು. ಅಭಂಗ, ಕವ್ವಾಲಿ, ವಚನ, ಬೀಸುವ ಪದ ಎಲ್ಲವೂ ಒಬ್ಬನೇ ರೈತನ ಕಿವಿಗೆ ಒಂದೇ ವರ್ಷದಲ್ಲಿ ಬೀಳುವ ಸೀಮೆ ಇದು. ಬಿದ್ದದ್ದು ಬೆರೆಯದೆ ಇರುತ್ತದೆಯೆ?

ಎಲ್ಲಕ್ಕಿಂತ ಹಳೆಯ ಪದರ ಬೀಸುವ ಕಲ್ಲಿನದು ಎಂದು ನನ್ನ ನಂಬಿಕೆ. ತ್ರಿಪದಿ ಕನ್ನಡದ ಅತಿ ಹಳೆಯ ಹಾಡುಗಬ್ಬ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರ ಹೊತ್ತಿಗೆ, ಅದು ಕಲ್ಲಿನ ಮೇಲೆ ಕೂತಾಗಲೇ ಬಾಯಲ್ಲಿ ಹಳತಾಗಿತ್ತು. ತ್ರಿಪದಿ ಬರೆದರೆ ಮೂರು ಸಾಲು. ಬೀಸುತ್ತ ಹಾಡಿದರೆ ಎರಡನೆಯ ಸಾಲು ಮರಳಿ ಬಂದು ನಾಲ್ಕಾಗುತ್ತದೆ. ಅಕ್ಷರ ಹೆಚ್ಚು ಕಡಿಮೆಯಾದರೂ ದನಿ ಎಳೆದು, ಕುಗ್ಗಿಸಿ ಹೊಂದಿಸಿಕೊಳ್ಳುತ್ತದೆ. ಅಂಶಗಣದ ಗುಣವೇ ಅದು. ಒಂದು ಧಾಟಿ ನೂರು ಪದಕ್ಕೆ ಒಗ್ಗುವುದಕ್ಕೂ, ಒಂದು ಪದ ಹತ್ತು ಧಾಟಿಗೆ ಬಗ್ಗುವುದಕ್ಕೂ ಬೀಜ ಇಲ್ಲಿದೆ.

ಈ ಗುಟ್ಟು ಸೂಫಿಗಳಿಗೆ ಗೊತ್ತಾಗಿತ್ತು. ಬಿಜಾಪುರದ ಸೂಫಿ ಮನೆತನಗಳ ಸುತ್ತ ಹುಟ್ಟಿದ ದಖನಿ ಹಾಡುಗಳಲ್ಲಿ ‘ಚಕ್ಕಿನಾಮಾ’ ಎಂಬುದೊಂದು ಬಗೆ. ಬೀಸುವ ಕಲ್ಲಿನ ಗೂಟ, ಮೇಲ್ಗಲ್ಲು, ಕೆಳಗಲ್ಲು ಒಂದೊಂದಕ್ಕೂ ಅಧ್ಯಾತ್ಮದ ಅರ್ಥ ಹಚ್ಚಿ, ಹೆಣ್ಣುಮಕ್ಕಳು ಹಿಟ್ಟು ಬೀಸುತ್ತಲೇ ಹಾಡಲೆಂದು ಕಟ್ಟಿದ ಪದಗಳವು. ನೂಲುವಾಗ ಹಾಡಲು ‘ಚರಖಾನಾಮಾ’ವೂ ಇತ್ತು. ಇತಿಹಾಸಕಾರ ರಿಚರ್ಡ್ ಈಟನ್ 1970ರ ದಶಕದಲ್ಲಿ ಇವುಗಳ ಬಗ್ಗೆ ಬರೆದು, ದಖ್ಖನದ ಹಳ್ಳಿಗಳ ಇಸ್ಲಾಂ ಬೆಳೆದದ್ದರಲ್ಲಿ ಈ ಅಡುಗೆಮನೆಯ ಹಾಡುಗಳಿಗೆ ದೊಡ್ಡ ಪಾಲಿದೆ ಎಂದು ತೋರಿಸಿದರು. ಅವರ ಗಮನ ಮಾತಿನ ಮೇಲಿತ್ತು. ನನಗೆ ಕಾಡುವುದು ದನಿ. ಕಲ್ಲು ತಿರುಗುವ ಲಯ ಒಂದೇ. ಹಿಟ್ಟು ಬೀಸುವವಳ ಉಸಿರಿನ ಅಳತೆ ಕನ್ನಡಕ್ಕೊಂದು, ದಖನಿಗೊಂದು ಎಂದು ಬೇರೆಯಾಗಲಾರದು. ಪಕ್ಕದ ಮನೆಯ ಗೋಡೆಯಾಚೆ ಕೇಳಿದ ಧಾಟಿ ಈಚೆಯ ಕಲ್ಲಿಗೂ ಹತ್ತಿರಲೇಬೇಕು.

ಇಂಥ ನೆಲದಲ್ಲಿ, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಅಫಜಲಪುರ ತಾಲೂಕಿನ ಬಿದನೂರಿನ ಗಂಗಮ್ಮನ ಹೊಟ್ಟೆಯಲ್ಲಿ ಒಂದು ಕೂಸು ಹುಟ್ಟಿತು. ಊರ ಜಾತಿಕಟ್ಟಿನ ಕಿರುಕುಳ ಉಂಡು ಬೆಳೆದ ಆ ಹುಡುಗ ಮುಂದೆ ಕಡಕೋಳದಲ್ಲಿ ನೆಲೆನಿಂತ. ಕಡಕೋಳ ಆಗ ಜೇವರ್ಗಿ ಸೀಮೆ, ಈಗ ಯಡ್ರಾಮಿ ತಾಲೂಕು. ಅವನೇ ಕಡಕೋಳ ಮಡಿವಾಳಪ್ಪ, ಈ ಭಾಗದ ತತ್ವಪದಗಳ ಮೂಲಪುರುಷ. ಅವನ ಸುತ್ತ ಕೂಡಿದವರನ್ನು ನೋಡಿ: ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ಕಡ್ಲೇವಾಡದ ಸಿದ್ಧಪ್ಪ, ತೆಲುಗಬಾಳ ರೇವಪ್ಪ. ಊರ ಹೆಸರೇ ಅವರಿಗೆ ಮನೆತನದ ಹೆಸರು. ಜಾತಿ ಬೇರೆ, ಧರ್ಮ ಬೇರೆ, ಏಕತಾರಿ ಒಂದೇ.

ಈ ಗುರುಪುತ್ರರು ಪದ ಕಟ್ಟಿದ್ದು ಬರೆದಲ್ಲ, ಹಾಡಿ. ಹಾಡಿ ಕಟ್ಟುವವನಿಗೆ ಮೊದಲು ಬರುವುದು ಧಾಟಿ. ಮಾತು ಅದರೊಳಗೆ ಬಂದು ಕೂಡುತ್ತದೆ. ಆ ಧಾಟಿಯನ್ನು ಅವರು ಎಲ್ಲಿಂದ ತಂದರು? ಕೇಳಿದ್ದರಿಂದ. ಸೋಬಾನದಿಂದ, ಜೋಗುಳದಿಂದ, ಕೋಲಾಟದಿಂದ, ಮೊಹರಮ್ಮಿನ ಅಲಾವಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ಕರ್ಬಲಾ ಪದಗಳಿಂದ, ದತ್ತನ ಆರತಿಯಿಂದ. ಅವರ ಪದಗಳ ಒಡಲು ನೋಡಿದರೂ ಇದು ತಿಳಿಯುತ್ತದೆ. ಕೇಳುವವಳನ್ನು ತಂಗಿ ಎಂದು ಕರೆಯುವುದು ಬೀಸುವ ಪದದ ಗೆಳತಿಯ ದನಿ. ತಮ್ಮಾ ಎಂದು ಎಚ್ಚರಿಸುವುದು ಹಂತಿಯ ಹಾಡಿನ ದನಿ. ಕೇಳುಗನಿಗೆ ತತ್ವ ಹೊಸದು, ದನಿ ಹಳೆಯದು. ಪರಿಚಯದ ದನಿ ಕೇಳಿ ಬಾಗಿಲು ತೆರೆದವನ ಮನೆಯೊಳಕ್ಕೆ ಕಠಿಣ ತತ್ವ ಕಾಲಿಟ್ಟಿತು. ಮಡಿವಾಳಪ್ಪನ ಕಾಲದ ಆಢ್ಯರು ಅವನ ಮಾತಿಗೆ ಉರಿದೆದ್ದರೂ ಅವನ ಪದ ನಿಲ್ಲಿಸಲಾಗಲಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ. ಮಾತನ್ನು ತಡೆಯಬಹುದು, ಪ್ರತಿ ಮನೆಯ ಬೀಸುವ ಕಲ್ಲಿನಲ್ಲಿ ಮೊದಲೇ ಕೂತಿರುವ ಧಾಟಿಯನ್ನು ಹೇಗೆ ತಡೆಯುವುದು?

ಅದೇ ವರ್ಷಗಳಲ್ಲಿ ದಕ್ಷಿಣದಲ್ಲಿ ಇನ್ನೊಂದು ಧಾಟಿ ಇನ್ನೂ ದೂರದ ಪಯಣ ಮುಗಿಸಿತ್ತು. ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಮ್ಯಾಲೋ ಎಂಬ ಊರಿದೆ. ಆ ಊರಿನ ಪೋಕರಿ ಹುಡುಗರ ಹೆಸರಿನ ಒಂದು ಕುಣಿತದ ಧಾಟಿ, ‘ರೇಕ್ಸ್ ಆಫ್ ಮ್ಯಾಲೋ’, 1740ರ ದಶಕದಲ್ಲೇ ಅಚ್ಚಾಗಿತ್ತು. ಪಿಟೀಲಿನ ಮೇಲೆ, ಕೊಳಲಿನ ಮೇಲೆ ಸಿಪಾಯಿಗಳ ಜೊತೆ ಅದು ಹಡಗು ಹತ್ತಿತು. ಮದರಾಸಿನ ಕೋಟೆಯಲ್ಲಿ ಬ್ಯಾಂಡು ಬಾರಿಸುತ್ತಿದ್ದ ಇಂಥ ಧಾಟಿಗಳನ್ನು ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಅವಕ್ಕೆ ಸಂಸ್ಕೃತ ಸಾಹಿತ್ಯ ತೊಡಿಸಿದರು. ಅವೇ ನೊಟ್ಟುಸ್ವರಗಳು. ಮ್ಯಾಲೋದ ಪೋಕರಿಗಳ ಧಾಟಿ ಮಧುರೆಯ ಮೀನಾಕ್ಷಿಯ ಸ್ತುತಿಯಾಯಿತು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನೇ ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಮುತ್ತುಸ್ವಾಮಿ ದೀಕ್ಷಿತರು 1835ರಲ್ಲಿ ತೀರಿಕೊಂಡರು. ಮಡಿವಾಳಪ್ಪನವರು ಅವರ ಸಮಕಾಲೀನರು. ಅರಮನೆ, ದೇವಾಲಯ, ಕೋಟೆಗಳ ನಡುವೆ ಓಡಾಡಿದ ಧಾಟಿಯ ದಾರಿ ನಮಗೆ ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಎರಡೂ ತುದಿಯಲ್ಲಿ ಯಾರೋ ಸ್ವರ ಬರೆದಿಟ್ಟಿದ್ದರು. ಭೀಮಾ ತೀರದ ಧಾಟಿಗೆ ಆ ಭಾಗ್ಯ ಬರಲಿಲ್ಲ.

ಬರುವುದಾದರೂ ಹೇಗೆ? ಇದು ನಿಜಾಮರ ನಾಡು. 1880ರ ದಶಕದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. ಕನ್ನಡ ಶಾಲೆ ಎಂಬುದು ಅಪರೂಪ. ಅಕ್ಷರ ಕಲಿಯದವನಿಗೆ ಭಜನಿಯೇ ಶಾಲೆ, ಪದವೇ ಪಾಠ. ಓದು ಬಂದ ಒಬ್ಬಿಬ್ಬರು ಕೈಬರಹದ ವಹಿಯಲ್ಲಿ ಪದ ಬರೆದುಕೊಂಡರು. ವಹಿಯಲ್ಲಿ ಪಲ್ಲ ಇದೆ, ನುಡಿ ಇದೆ, ಅಂಕಿತ ಇದೆ. ಧಾಟಿ ಬರೆಯುವ ಲಿಪಿ ಯಾರಿಗೂ ಗೊತ್ತಿರಲಿಲ್ಲ, ಬರೆಯುವ ಅಗತ್ಯವೂ ಕಾಣಲಿಲ್ಲ. ಧಾಟಿ ಎಲ್ಲರ ಬಾಯಲ್ಲಿತ್ತು. ಮುಂದೆ ಭಜನಿ ಪದಗಳ ಸಣ್ಣ ಪುಸ್ತಕ ಅಚ್ಚಾಗತೊಡಗಿದಾಗ ಪದದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು ಆಗ ಎಲ್ಲರಿಗೂ ಗೊತ್ತಿದ್ದ ಇನ್ನೊಂದು ಹಾಡಿನ ಮೊದಲ ಮಾತು ಕೊಟ್ಟರು. ಐರ್ಲೆಂಡಿನ ಬೀದಿಯಲ್ಲಿ ಮಾರುತ್ತಿದ್ದ ಹಾಡಿನ ಹಾಳೆಗಳಲ್ಲೂ ಇದೇ ಪದ್ಧತಿ ಇತ್ತು. ತೊಡಕೆಂದರೆ, ಆ ಇನ್ನೊಂದು ಹಾಡು ಮರೆತುಹೋದ ದಿನ ಈ ಸೂಚನೆ ಬೀಗವಿಲ್ಲದ ಕೀಲಿಕೈ.

ಧಾಟಿ ಬದಲಾಗುವುದು ಹೇಗೆಂದು ಒಂದಿಷ್ಟು ಬಿಡಿಸಿ ಹೇಳಬೇಕು. ಏಕತಾರಿಗೆ ಇರುವುದು ಒಂದೇ ತಂತಿ. ಅದು ಷಡ್ಜ ಹಿಡಿದು ನಿಲ್ಲುತ್ತದೆಯೇ ಹೊರತು ಹಾಡುಗಾರನಿಗೆ ಇಂಥಲ್ಲಿ ಕಾಲಿಡು ಎಂದು ಹೇಳುವುದಿಲ್ಲ. ಹೀಗಾಗಿ ದನಿ ಮನೆ ಮನೆಯ ನಡುವಿನ ಓಣಿಯಲ್ಲೂ ಓಡಾಡುತ್ತದೆ. ಶುದ್ಧವೂ ಅಲ್ಲದ, ಕೋಮಲವೂ ಅಲ್ಲದ ಒಂದು ಗಾಂಧಾರ ಹಳೆಯ ಹಾಡುಗಾರರ ಕೊರಳಲ್ಲಿ ಕೇಳುತ್ತದೆ. ಅದನ್ನು ತಪ್ಪು ಎಂದವರು ಕೇಳಲು ಬಾರದವರು. ಮುಂದಿನದು ತಾಳ. ಆರು ಮಾತ್ರೆಯ ದಾದರಾದಲ್ಲಿ ತೂಗುತ್ತ ಹೋಗುವ ಪದವನ್ನೇ ಎಂಟು ಮಾತ್ರೆಯ ಕೇರವಾಕ್ಕೆ ಕೂಡಿಸಿದರೆ ಸಾಲಿನ ಕೊನೆಯಲ್ಲಿ ಎರಡು ಮಾತ್ರೆ ಖಾಲಿ ಬೀಳುತ್ತವೆ. ಆ ಖಾಲಿಗೆ ಹಿಮ್ಮೇಳದವರು ಒಂದು ಕರೆ ಸೇರಿಸುತ್ತಾರೆ. ನಾಲ್ಕು ವರ್ಷದಲ್ಲಿ ಆ ಕರೆ ಪದದ ಭಾಗವೇ ಆಗುತ್ತದೆ. ಪಕ್ಕದ ಊರಿನ ವಹಿಯಲ್ಲಿ ಅದು ಅಕ್ಷರವಾಗಿ ಕೂಡುತ್ತದೆ. ಸಂಶೋಧಕರು ಪಾಠಾಂತರ ಎಂದು ಅಡಿಟಿಪ್ಪಣಿ ಹಾಕುವ ಎಷ್ಟೋ ಮಾತುಗಳು ನಿಜದಲ್ಲಿ ಧಾಟ್ಯಂತರದ ಗುರುತುಗಳು ಎಂದು ನಾನು ತಿಳಿದಿದ್ದೇನೆ. ಮಾತು ಬದಲಾದದ್ದು ಅರ್ಥಕ್ಕಾಗಿ ಅಲ್ಲ, ದಮ್ಮಡಿಯ ಪೆಟ್ಟಿಗಾಗಿ.

ಇನ್ನು ಪಲ್ಲ ಎಲ್ಲಿ ಮರಳಿ ಬರಬೇಕು ಎಂಬುದು ಊರಿನ ರೂಢಿ. ಒಂದು ಮೇಳ ಪ್ರತಿ ನುಡಿಗೂ ಪೂರ್ತಿ ಪಲ್ಲಕ್ಕೆ ಮರಳುತ್ತದೆ. ಇನ್ನೊಂದು ಅರ್ಧ ಸೊಲ್ಲು ಹಿಡಿದು ಬಿಟ್ಟು ಏರಿಗೆ ಹೋಗುತ್ತದೆ. ಆಳಂದದ ಕಡೆ ಸೊಲ್ಲಾಪುರದ ಗಾಳಿ. ಗಿರಣಿ ಕೆಲಸಕ್ಕೆ ಹೋಗಿ ಬಂದವರು ಲಾವಣಿಯ ಚಾಲು ತಂದರು. ಅಲ್ಲಿ ಧಾಟಿ ಎನ್ನುವುದಕ್ಕಿಂತ ‘ಚಾಲಿ’ ಎನ್ನುವ ಮಾತೇ ಹೆಚ್ಚು. ಮಾತು ಮರಾಠಿಯಿಂದ ಬಂತು, ಅದರ ಜೊತೆ ಏರು ಇಳುವುಗಳ ಚುರುಕೂ ಬಂತು. ಜೇವರ್ಗಿಯ ತೆಂಕಣ ಹಳ್ಳಿಗಳತ್ತ ಇಳಿದರೆ ಅದೇ ಪದಕ್ಕೆ ಸಾವಧಾನ ಹೆಚ್ಚು.

1871ರಲ್ಲಿ ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಗಾಣಗಾಪುರದ ಹೆಸರಿನಲ್ಲೇ ಒಂದು ನಿಲ್ದಾಣವಾಯಿತು. ರೈಲಿನಲ್ಲಿ ಯಾತ್ರಿಕರು ಬಂದರು, ನಾಟಕ ಕಂಪನಿಗಳು ಬಂದವು, ಅವುಗಳ ಜೊತೆ ಹಾರ್ಮೋನಿಯಂ ಬಂತು. ಪ್ಯಾರಿಸ್ಸಿನಲ್ಲಿ 1840ರ ಆಸುಪಾಸಿಗೆ ಹುಟ್ಟಿದ ಕಾಲ್ತುಳಿತದ ವಾದ್ಯ ಕಲಕತ್ತೆಯಲ್ಲಿ ಕೈಯಿಂದ ಒತ್ತುವ ಪೆಟ್ಟಿಗೆಯಾಗಿ, ಮರಾಠಿ ರಂಗಭೂಮಿಯಲ್ಲಿ ರಾಜನಾಗಿ, ನಮ್ಮ ಭಜನಿಯಲ್ಲಿ ‘ಪೇಟಿ’ಯಾಗಿ ಕೂತಿತು. ಅದರ ಉಪಕಾರ ದೊಡ್ಡದು. ಕೊರಳು ಸೋತವನಿಗೆ ಆಸರೆ ಕೊಟ್ಟಿತು, ಹತ್ತು ಜನರ ದನಿಯನ್ನು ಒಂದು ಸುರದಲ್ಲಿ ಕೂಡಿಸಿತು. ಆದರೆ ಅದರ ಮನೆಗಳ ನಡುವೆ ಓಣಿಯಿಲ್ಲ. ಆ ಎರಡೂ ಅಲ್ಲದ ಗಾಂಧಾರ ಕಪ್ಪು ಮನೆಗೋ ಬಿಳಿ ಮನೆಗೋ ಸೇರಲೇಬೇಕಾಯಿತು. ಹಲವು ಧಾಟಿಗಳು ಭೈರವಿಗೆ ಒಲಿದವು, ಹಲವು ಕಾಫಿ ಪೀಲುಗಳಿಗೆ. ಸ್ವರ ಜಾರಿಸಲು ಬಾರದು, ಶ್ರುತಿ ನಮ್ಮದಲ್ಲ ಎಂಬ ಕಾರಣಕ್ಕೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ದಿಲ್ಲಿಯ ಆ ಜಗಳ ಕಡಕೋಳದವರಿಗೆ ತಲುಪಲಿಲ್ಲ. ಅವರು ಪೇಟಿಯನ್ನೂ ಏಕತಾರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಹಾಡಿದರು.

ಗದುಗಿನ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಬಳಿಕ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ನಾಡಿನ ತುಂಬ ಕಳಿಸಿದರು. ಹಾಗೆ ಬಂದ ಗವಾಯಿಗಳು ಜಾತ್ರೆ, ಪುರಾಣಗಳಲ್ಲಿ ಪೇಟಿ ನುಡಿಸಿದರು, ಹಾಡಿದರು, ಹುಡುಗರಿಗೆ ಸರಿಗಮ ಹೇಳಿಕೊಟ್ಟರು. ಹಳ್ಳಿಯ ಧಾಟಿಗೆ ರಾಗದ ಹೆಸರು ಸಿಕ್ಕಿದ್ದು ಅವರಿಂದ. ಧಾಟಿ ಚೊಕ್ಕಟವಾಯಿತು, ಸ್ವಲ್ಪ ಒಂದೇ ತೆರನಾಯಿತು. ನಾನು ಇದನ್ನು ದೂರಾಗಿ ಹೇಳುತ್ತಿಲ್ಲ. ಅವರು ಬರದೇ ಹೋಗಿದ್ದರೆ ಎಷ್ಟೋ ಊರಿನಲ್ಲಿ ಭಜನಿಯೇ ಉಳಿಯುತ್ತಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರಿನಲ್ಲಿ ಈ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು, 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂತು. ಹಳ್ಳಿಯ ಮೇಳಗಳು ಮೊದಲ ಸಲ ಮೈಕಿನ ಮುಂದೆ ಕೂತವು. ಬೆಳಗಿನ ಜಾವದವರೆಗೆ ಹರಡಿಕೊಂಡು ಹಾಡುತ್ತಿದ್ದವರು ಗಡಿಯಾರ ನೋಡಿ ನಿಮಿಷಗಳಲ್ಲಿ ಪದ ಮುಗಿಸುವುದನ್ನು ಕಲಿತರು. ಅದೇ ಹೊತ್ತಿಗೆ ಊರೂರಿಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಹಿತ್ತಿಲು ಸೇರಿತು. ಹೆಣ್ಣುಮಕ್ಕಳ ರಟ್ಟೆಗೆ ಬಿಡುವು ಸಿಕ್ಕಿತು; ಸಿಗಬೇಕಾದದ್ದೇ. ಆದರೆ ತತ್ವಪದಕ್ಕೆ ಧಾಟಿ ಕೊಟ್ಟ ತಾಯಿಬೇರು ಅಂದು ಒಣಗತೊಡಗಿತು. ಅದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಆ ಹಾಡು ಬೆಳಗಿನ ನಸುಕಿನಲ್ಲಿ ಒಬ್ಬಳೇ ಹಾಡುವಂಥದ್ದು. ಅದಕ್ಕೆ ಸಭೆ ಇರಲಿಲ್ಲ.

ಆಮೇಲೆ ಕ್ಯಾಸೆಟ್ಟು. ಶಿಶುನಾಳ ಶರೀಫರ ಪದಗಳಿಗೆ ಸಿ. ಅಶ್ವತ್ಥ್ ಕೂಡಿಸಿದ ಧಾಟಿಗಳು, ಅದರಲ್ಲೂ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ನಂತರ, ಕನ್ನಡಿಗರು ಇರುವಲ್ಲೆಲ್ಲ ಹೋದವು. ಶರೀಫರನ್ನು ಮನೆಮನೆಗೆ ಮುಟ್ಟಿಸಿದ ಆ ದನಿಗೆ ನಾವು ಋಣಿಗಳು. ಆದರೆ ಆ ಅಬ್ಬರದಲ್ಲಿ ನಮ್ಮ ಭಜನಿಗಳಲ್ಲಿ ಶರೀಫರ ಪದಗಳಿಗೆ ಇದ್ದ ಹಳೆಯ ಧಾಟಿಗಳು ಮೆಲ್ಲಗೆ ಹಿಂದೆ ಸರಿದವು. ಹುಡುಗರು ಕ್ಯಾಸೆಟ್ಟಿನಂತೆ ಹಾಡಿದರೆ ಸರಿ, ಅಜ್ಜನಂತೆ ಹಾಡಿದರೆ ತಪ್ಪು ಎಂದಾಯಿತು. ಒಂದು ಪದಕ್ಕೆ ಒಂದೇ ಧಾಟಿ ಎಂಬ ಯೋಚನೆ ಈ ನೆಲಕ್ಕೆ ಅದೇ ಮೊದಲು ಬಂದದ್ದು.

ಪದಗಳ ಕಡೆ ಮಾತ್ರ ಒಳ್ಳೆಯ ಕೆಲಸ ನಡೆಯಿತು. ಮೀನಾಕ್ಷಿ ಬಾಳಿ ಅವರಂಥ ಕಲಬುರಗಿಯ ಸಂಶೋಧಕರು ಮಡಿವಾಳಪ್ಪ ಮತ್ತು ಶಿಷ್ಯರ ಪದಗಳ ಬೆನ್ನು ಹತ್ತಿ ದುಡಿದರು. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ನಾಡಿನ ತತ್ವಪದಗಳನ್ನು ಸಾಲು ಸಂಪುಟಗಳಾಗಿ ಅಚ್ಚು ಹಾಕಿಸಿತು. ಶತಮಾನಗಳ ಕಾಲ ಸಾಹಿತ್ಯ ಚರಿತ್ರೆಯ ಹೊಸ್ತಿಲಾಚೆ ನಿಂತಿದ್ದ ಈ ಕವಿಗಳು ಕಪಾಟಿನೊಳಗೆ ಬಂದರು. ಅದು ಸಣ್ಣ ಸಾಧನೆಯಲ್ಲ. ಆ ಸಂಪುಟ ಬಿಡಿಸಿ ಕೂತರೆ ಮಾತು ಎದ್ದು ಬರುತ್ತದೆ. ಹಾಡಲು ಬಾಯಿ ತೆರೆದರೆ ದನಿ ಹೊರಡುವುದಿಲ್ಲ.

ಐರ್ಲೆಂಡಿನಲ್ಲಿ ಆದದ್ದು ಇದರ ತಿರುವುಮುರುವು. 1792ರಲ್ಲಿ ಬೆಲ್‌ಫಾಸ್ಟ್ ಊರಿನಲ್ಲಿ ಅಳಿದುಳಿದ ಹಾರ್ಪ್ ವಾದಕರನ್ನು ಕೂಡಿಸಿದರು. ಬಂದವರು ಹನ್ನೊಂದು ಜನ, ಹೆಚ್ಚಿನವರು ಮುದುಕರು, ಹಲವರು ಕುರುಡರು. ಅವರು ನುಡಿಸಿದ್ದನ್ನು ಬರೆದುಕೊಳ್ಳಲು ಹತ್ತೊಂಬತ್ತು ವರ್ಷದ ಎಡ್ವರ್ಡ್ ಬಂಟಿಂಗ್‌ನನ್ನು ಕೂಡಿಸಿದರು. ಅವನು ಧಾಟಿ ಹಿಡಿದ, 1796ರಲ್ಲಿ ಅಚ್ಚು ಹಾಕಿಸಿದ. ಆ ಮೊದಲ ಪುಸ್ತಕದಲ್ಲಿ ಹಾಡಿನ ಮಾತುಗಳಿರಲಿಲ್ಲ. ನೂರು ವರ್ಷದ ಮೇಲೆ, ಕಾರ್ಕ್ ಸೀಮೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಶಿಕಾಗೋ ನಗರದ ಪೊಲೀಸ್ ಮುಖ್ಯಸ್ಥನಾದ ಫ್ರಾನ್ಸಿಸ್ ಒನೀಲ್, ವಲಸೆ ಬಂದ ತನ್ನ ಜನರ ಬಾಯಲ್ಲಿದ್ದ ಧಾಟಿಗಳನ್ನೆಲ್ಲ ಕೂಡಿಸಿ 1903ರಲ್ಲಿ 1850 ಧಾಟಿಗಳ ಪುಸ್ತಕ ತಂದ. ಅವನಿಗೆ ಸ್ವರ ಬರೆಯಲು ಬರುತ್ತಿರಲಿಲ್ಲ. ಅವನು ಗುನುಗುತ್ತಿದ್ದ, ನುಡಿಸುತ್ತಿದ್ದ. ಅದೇ ಇಲಾಖೆಯ ಜೇಮ್ಸ್ ಒನೀಲ್ ಬರೆದುಕೊಳ್ಳುತ್ತಿದ್ದ. ಒಂದೇ ಧಾಟಿಯ ಬೇರೆ ಬೇರೆ ರೂಪಗಳನ್ನೂ ಕಾಪಿಟ್ಟದ್ದರಿಂದ ಇಂದು ಅಲ್ಲಿಯ ಯಾವ ಹುಡುಗಿಯೂ ಪಿಟೀಲು ಹಿಡಿದು ಒಂದು ಧಾಟಿಯ ಹಿಂದಿನ ನಾಲ್ಕು ತಲೆಮಾರನ್ನು ಕೇಳಿ ನೋಡಬಹುದು.

ನಮ್ಮಲ್ಲಿ ಸ್ವರ ಬರೆಯುವವರು ಬರಲಿ ಎಂದು ಕಾಯುವ ಅಗತ್ಯ ಈಗಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಯಡ್ರಾಮಿಯ ಯಾವ ಹಳ್ಳಿಗೆ ಹೋದರೂ ಭಜನಿಯಲ್ಲಿ ಕೂತ ಹುಡುಗರ ಜೇಬಿನಲ್ಲಿ ಮೊಬೈಲ್ ಇದೆ. ಅವರು ಪದವನ್ನು ಹಿಡಿಯುತ್ತಲೂ ಇದ್ದಾರೆ. ಕೊರತೆ ಇರುವುದು ಬೇರೆ ಕಡೆ. ಹಿಡಿದ ಪದದ ಜೊತೆ ಊರಿಲ್ಲ, ತಾರೀಖಿಲ್ಲ, ಹಾಡಿದವರು ಅದನ್ನು ಯಾರಿಂದ ಕಲಿತರು ಎಂಬ ಮಾತಿಲ್ಲ. ಹಿಡಿಯುವುದೂ ಪೇಟಿ, ತಬಲಾ, ಮೈಕು ಇರುವ ಮೇಳಗಳನ್ನೇ. ಏಕತಾರಿ ಒಂದನ್ನೇ ಹಿಡಿದು ಹಾಡುವ ಮುದುಕನನ್ನು ಯಾರೂ ಹಿಡಿಯುವುದಿಲ್ಲ. ಬೀಸುವ ಪದ ನೆನಪಿರುವ ಮುದುಕಿಯನ್ನಂತೂ ಕೇಳುವವರೇ ಇಲ್ಲ.

ಆದ್ದರಿಂದ ಈ ಲೇಖನ ಓದುವ ಆ ಸೀಮೆಯವರಲ್ಲಿ ನನ್ನದೊಂದು ಕೋರಿಕೆ. ಬರುವ ಅಮಾವಾಸ್ಯೆಗೆ ಊರಿಗೆ ಹೋದರೆ ಮಡಿವಾಳಪ್ಪನ ಯಾವುದಾದರೂ ಒಂದು ಪದವನ್ನು ಇಬ್ಬರು ಹಿರಿಯರಿಂದ ಬೇರೆ ಬೇರೆಯಾಗಿ ಹಾಡಿಸಿ, ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಹಿಡಿಯಿರಿ. ಪದ ಸುರುವಾಗುವ ಮೊದಲು ಊರು, ತಾರೀಖು, ಕಲಿಸಿದವರ ಹೆಸರು ಅವರ ಬಾಯಿಂದಲೇ ಹೇಳಿಸಿ. ಎರಡು ಧಾಟಿ ಬೇರೆಯಾಗಿದ್ದರೆ ಯಾವುದು ಸರಿ ಎಂದು ಕೇಳಬೇಡಿ, ಎರಡನ್ನೂ ಇಟ್ಟುಕೊಳ್ಳಿ. ಮನೆಯಲ್ಲಿ ಬೀಸುವ ಕಲ್ಲು ತಿರುವಿದ ಅಜ್ಜಿ ಇದ್ದರೆ ಅವಳಿಂದಲೇ ಮೊದಲು ಮಾಡಿ.